ನೆಲದ ಹತ್ತಿರದ ಓಝೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಗಾಳಿಯ ಕೆಳಪದರದ ರಸಾಯನ ಕ್ರಿಯೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದವಳು. ಈಗ ಮೈಸೂರಿನಲ್ಲಿದ್ದೇನೆ. ಕಾಲೇಜುಗಳಿಗೆ ಮಾತಾಡಲು ಹೋದಾಗ, ಮದುವೆ ಮನೆಯ ಪಂಕ್ತಿಯಲ್ಲಿ, ಊರಿಂದ ಬರುವ ಪತ್ರಗಳಲ್ಲಿ ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಕೊನೆಗೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಆಗುತ್ತದೆ.

## ಮೊದಲ ಪ್ರಶ್ನೆಗಳು

ಮೇಡಂ, ಓಝೋನ್ ನಮ್ಮನ್ನ ಕಾಪಾಡುತ್ತೆ ಅಂತ ಪಾಠದಲ್ಲಿದೆ. ನೀವು ಅದನ್ನೇ ವಿಷ ಅಂತೀರಲ್ಲ?

ಎರಡೂ ನಿಜ. ವಸ್ತು ಒಂದೇ, ಇರುವ ಜಾಗ ಬೇರೆ. ಭೂಮಿಯ ಗಾಳಿಯಲ್ಲಿರುವ ಓಝೋನಿನಲ್ಲಿ ನೂರಕ್ಕೆ 90 ಪಾಲು ಮೇಲೆ, ಸ್ಟ್ರಾಟೋಸ್ಫಿಯರಿನಲ್ಲಿದೆ. ಅಲ್ಲಿ ಅದು ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಅಂಟಾರ್ಕ್ಟಿಕಾದ ಮೇಲೆ ತೂತು ಬಿದ್ದಿದೆ ಎಂದು 1985ರಲ್ಲಿ ಗೊತ್ತಾಗಿದ್ದು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಗಿದ್ದು ಆ ಓಝೋನಿನ ಸಲುವಾಗಿ.

ಉಳಿದ 10 ಪಾಲು ನಾವು ಉಸಿರಾಡುವ ಕೆಳಪದರದಲ್ಲಿದೆ. ಆಕ್ಸಿಜನ್ನಿನ ಮೂರು ಪರಮಾಣುಗಳ ಈ ಅನಿಲಕ್ಕೆ ಸಿಕ್ಕಿದ್ದರ ಜೊತೆ ಪ್ರತಿಕ್ರಿಯಿಸುವ ಗುಣ ಇದೆ. ಶ್ವಾಸಕೋಶದ ಒಳಪೊರೆ ಸಿಕ್ಕಿದರೆ ಅದನ್ನು ಉರಿಸುತ್ತದೆ, ಎಲೆ ಸಿಕ್ಕಿದರೆ ಎಲೆಯನ್ನು. ನನ್ನ ಕೆಲಸವೆಲ್ಲ ಈ 10 ಪಾಲಿನ ಬಗ್ಗೆ.

ಯಾವ ಗಾಡಿ, ಯಾವ ಫ್ಯಾಕ್ಟರಿ ಜಾಸ್ತಿ ಓಝೋನ್ ಬಿಡುತ್ತೆ? ಹೆಸರು ಹೇಳಿ.

ಯಾವುದೂ ಬಿಡುವುದಿಲ್ಲ. ಇದೊಂದು ಮಾತು ಜನರಿಗೆ ತಲುಪಿದರೆ ಸಾಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹೊಗೆ ಕೊಳವೆಯಿಂದ ಓಝೋನ್ ಬರುವುದಿಲ್ಲ. ಅದು ಗಾಳಿಯಲ್ಲೇ ಬೇಯುತ್ತದೆ.

ಮಂಡ್ಯದ ಆಲೆಮನೆ ನೋಡಿದವರಿಗೆ ಹೇಳುವುದು ಸುಲಭ. ಗಾಣದಿಂದ ಬರುವುದು ಕಬ್ಬಿನ ಹಾಲು, ಬೆಲ್ಲ ಅಲ್ಲ. ಕೊಪ್ಪರಿಗೆ ಬೇಕು, ಬೆಂಕಿ ಬೇಕು, ಹೊತ್ತು ಬೇಕು. ಹಾಗೆಯೇ ಗಾಡಿಯಿಂದ, ವಿದ್ಯುತ್ ಸ್ಥಾವರದಿಂದ ನೈಟ್ರೋಜನ್ನಿನ ಆಕ್ಸೈಡುಗಳು ಬರುತ್ತವೆ. ಪೆಟ್ರೋಲ್, ಪೇಂಟ್, ಸೌದೆ ಹೊಗೆ, ಮರಗಿಡಗಳಿಂದ ಇಂಗಾಲದ ಆವಿಗಳು ಬರುತ್ತವೆ. ಇವೆರಡೂ ಕಬ್ಬಿನ ಹಾಲು. ಬಿಸಿಲು ಬೆಂಕಿ. ಕೆಲವು ಗಂಟೆ ಕಳೆದ ಮೇಲೆ, ಗಾಳಿ ಬೀಸಿದ ದಿಕ್ಕಿನಲ್ಲಿ, ಓಝೋನ್ ಸಿದ್ಧವಾಗುತ್ತದೆ. ಹೊಗೆ ಬಿಟ್ಟ ಊರು ಒಂದು, ಓಝೋನ್ ಉಣ್ಣುವ ಊರು ಇನ್ನೊಂದು. ಯಾರನ್ನು ಬೊಟ್ಟು ಮಾಡಿ ತೋರಿಸಬೇಕು ಅನ್ನುವುದೇ ಕಷ್ಟ. ಅದಕ್ಕೇ ಲೆಕ್ಕ ಹಾಕುವವರು ಬೇಕಾಗುತ್ತಾರೆ.

ಮೊದಲ ಮಳೆ ಬಂದಾಗ ಬರೋ ವಾಸನೆ ಓಝೋನಿಂದಾ?

ಮಣ್ಣಿನ ಆ ಘಮ ಬೇರೆ. ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನದು ಅದು. ಸಿಡಿಲು ಹೊಡೆದ ಮೇಲೆ, ಅಥವಾ ಹಳೇ ಜೆರಾಕ್ಸ್ ಮೆಷಿನ್ ಪಕ್ಕದಲ್ಲಿ, ಮೂಗಿಗೆ ಚುರುಕಾಗಿ ತಾಗುತ್ತದಲ್ಲ, ಅದು ಓಝೋನ್. ಶೋನ್‌ಬೈನ್ ಎಂಬ ವಿಜ್ಞಾನಿ 1840ರಲ್ಲಿ ಈ ವಾಸನೆ ಹಿಡಿದೇ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ವಾಸನೆ ಬೀರುವುದು ಎಂದೇ ಅರ್ಥ.

ಮಾಡೆಲ್ ಮಾಡ್ತೀನಿ ಅಂತೀರಿ. ಅಂದ್ರೆ ಏನು, ಗೊಂಬೆ ತರಹದ್ದಾ?

ಲೆಕ್ಕದ ಪುಸ್ತಕದ ತರಹದ್ದು. ಗಾಳಿಯನ್ನು ಸಾವಿರಾರು ಡಬ್ಬಗಳಾಗಿ ಹಂಚಿಕೊಳ್ಳುತ್ತೇವೆ. ಅಕ್ಕಪಕ್ಕಕ್ಕೆ, ಮೇಲೆ ಕೆಳಗೆ ಡಬ್ಬಗಳು. ಪ್ರತಿ ಡಬ್ಬಕ್ಕೂ ನಾಲ್ಕೇ ಪ್ರಶ್ನೆ. ಹೊರಗಿನಿಂದ ಏನು ಬಂತು? ಒಳಗೆ ಏನು ಹುಟ್ಟಿತು? ಏನು ನಾಶವಾಯಿತು? ಏನು ನೆಲಕ್ಕೋ ಪಕ್ಕದ ಡಬ್ಬಕ್ಕೋ ಹೋಯಿತು? ಕೆಲವು ನಿಮಿಷ ಮುಂದೆ ಹೋಗಿ ಮತ್ತೆ ಅದೇ ಪ್ರಶ್ನೆ. ಹೀಗೆ ವರ್ಷಗಟ್ಟಲೆ. ದಿನಸಿ ಅಂಗಡಿಯವರು ರಾತ್ರಿ ಕೂತು ಜಮಾ ಖರ್ಚು ತಾಳೆ ನೋಡುವುದಕ್ಕೂ ಇದಕ್ಕೂ ಮೂಲದಲ್ಲಿ ವ್ಯತ್ಯಾಸ ಇಲ್ಲ. ಕೊನೆಗೆ ಉಳಿದ ಓಝೋನ್ ಎಷ್ಟು ಅಂತ ನಮ್ಮ ಪುಸ್ತಕ ಹೇಳುತ್ತದೆ. ಹೊರಗೆ ಉಪಕರಣ ಏನು ಅಳೆದಿದೆ ಅಂತ ಆಮೇಲೆ ನೋಡುತ್ತೇವೆ. ನಿಜವಾದ ಕೆಲಸ ಆಗ ಶುರುವಾಗುತ್ತದೆ.

## ನಮ್ಮ ಊರು, ನಮ್ಮ ಗದ್ದೆ

ಮೈಸೂರು ಸ್ವಚ್ಛ ನಗರ ಅಂತ ಪ್ರಶಸ್ತಿನೇ ಬಂದಿದೆ. ಇಲ್ಲೂ ಓಝೋನ್ ಇರುತ್ತಾ?

ಇರುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ನಮಗೆ ಮೊದಲ ಸ್ಥಾನ ಬಂತು, ಖುಷಿಯ ವಿಷಯ. ಆದರೆ ಅದು ಕಸ, ಚರಂಡಿ, ಶೌಚಾಲಯಗಳ ಲೆಕ್ಕ. ಓಝೋನ್ ಕಣ್ಣಿಗೆ ಕಾಣುವುದಿಲ್ಲ. ಆಕಾಶ ತಿಳಿಯಾಗಿದ್ದು ಬಿಸಿಲು ಚೆನ್ನಾಗಿರುವ ದಿನವೇ ಅದಕ್ಕೆ ಅನುಕೂಲ.

ನಮ್ಮ ದೇಶದ ಮಿತಿ 2009ರಲ್ಲಿ ನಿಗದಿಯಾಗಿದೆ. ಎಂಟು ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ, ಒಂದು ಗಂಟೆಗೆ 180. ನಾವು ಮಾತಾಡುವ ಅಳತೆ ಪಿಪಿಬಿ. 100 ಕೋಟಿ ಅಣುಗಳಲ್ಲಿ ಎಷ್ಟು ಅಂತ. 100 ಮೈಕ್ರೋಗ್ರಾಂ ಅಂದರೆ ಸುಮಾರು 50 ಪಿಪಿಬಿ. ಅಷ್ಟು ಚೂರು ಸಾಕು ಆಸ್ತಮಾ ಇರುವವರಿಗೆ ಎದೆ ಬಿಗಿಯಲು.

ನಮ್ಮ ಕಡೆ ಮುಂಗಾರಿನಲ್ಲಿ ಓಝೋನ್ ಇಳಿಯುತ್ತದೆ. ಮೋಡ ಬಿಸಿಲನ್ನು ತಡೆಯುತ್ತದೆ, ಸಮುದ್ರದ ಕಡೆಯಿಂದ ಶುದ್ಧ ಗಾಳಿ ಬರುತ್ತದೆ. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಏರುತ್ತದೆ.

ಬೆಳಗ್ಗೆ ವಾಕಿಂಗ್ ಒಳ್ಳೇದಾ, ಮಧ್ಯಾಹ್ನನಾ? ಬೆಟ್ಟ ಹತ್ತಿದ್ರೆ ಗಾಳಿ ಶುದ್ಧ ಅಲ್ವಾ?

ಓಝೋನ್ ಒಂದನ್ನೇ ನೋಡಿದರೆ ಬೆಳಗ್ಗೆ ಒಳ್ಳೆಯದು. ಬೇಸಿಗೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಓಡುವುದು, ಮಕ್ಕಳಿಗೆ ಕ್ರಿಕೆಟ್ ಕೋಚಿಂಗ್ ಇಡುವುದು ಬೇಡ.

ಬೆಟ್ಟದ ವಿಷಯ ಮಾತ್ರ ಸ್ವಲ್ಪ ಬೇರೆ. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಚಳಿಗಾಲದಲ್ಲಿ ನಸುಕಿಗೇ ಸಾವಿರ ಮೆಟ್ಟಿಲು ಹತ್ತಿದವರು ನೋಡಿರುತ್ತೀರಿ. ಕೆಳಗೆ ಮೈಸೂರು ಮಂಜಿನ ಕೆಳಗೆ ಮಲಗಿರುತ್ತದೆ, ಮೇಲೆ ಆಕಾಶ ತಿಳಿಯಾಗಿರುತ್ತದೆ. ರಾತ್ರಿ ನೆಲ ತಣ್ಣಗಾಗಿ, ತಂಪು ಗಾಳಿ ತಗ್ಗಿನಲ್ಲಿ ನಿಂತು, ಮೇಲಿನ ಗಾಳಿಯ ಜೊತೆ ಬೆರೆಯುವುದು ನಿಲ್ಲುತ್ತದೆ. ಊರಿನ ಓಝೋನನ್ನು ಗೋಡೆ, ಮಣ್ಣು, ಎಲೆಗಳು ಹೀರುತ್ತವೆ. ಗಾಡಿಗಳು ಬಿಡುವ ನೈಟ್ರಿಕ್ ಆಕ್ಸೈಡ್ ಉಳಿದದ್ದನ್ನು ತಿನ್ನುತ್ತದೆ. ಬೆಳಗಾಗುವ ಹೊತ್ತಿಗೆ ಕೆಳಗೆ ಓಝೋನ್ ತೀರಾ ಕಡಿಮೆ. ಇಂಥ ಬೆಟ್ಟದ ತುದಿಗೆ ನಿನ್ನೆ ಮಧ್ಯಾಹ್ನದ ಓಝೋನ್ ಹಾಗೇ ಉಳಿದ ಪದರ ತಾಗುತ್ತಿರುತ್ತದೆ. ಬಿಸಿಲೇರಿ ಎಂಟೊಂಬತ್ತು ಗಂಟೆಗೆ ಗಾಳಿ ಕಲಕಿದಾಗ ಅದು ಊರಿಗೆ ಇಳಿದು ಬರುತ್ತದೆ. ಬೆಳಗಿನ ಏರಿಕೆಯಲ್ಲಿ ಒಂದು ಪಾಲು ಹೊಸದಾಗಿ ಹುಟ್ಟಿದ್ದಲ್ಲ, ಹೀಗೆ ಇಳಿದದ್ದು.

ಹಾಗಂತ ಬೆಟ್ಟ ಬಿಡಬೇಡಿ. ಧೂಳು, ಹೊಗೆ ಮೇಲೆ ಕಡಿಮೆ. ಈ ಪದರದಾಟವನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅರ್ಥವಾದದ್ದು ಆ ಮೆಟ್ಟಿಲ ಮೇಲೆ ನಿಂತಾಗ.

ಅಕ್ಕ, ನಮ್ಮ ಬೆಳೆಗೂ ಇದ್ರಿಂದ ನಷ್ಟ ಇದ್ಯಾ?

ಇದೆ. ಎಲೆ ಉಸಿರಾಡುವ ರಂಧ್ರಗಳ ಮೂಲಕ ಓಝೋನ್ ಒಳಗೆ ಹೋಗುತ್ತದೆ. ಒಳಗಿನ ಜೀವಕೋಶಗಳನ್ನು ಹಾಳು ಮಾಡುತ್ತದೆ. ಎಲೆ ಬೇಗ ಹಳದಿಯಾಗುತ್ತದೆ, ಕಾಳು ತುಂಬುವುದು ಕಡಿಮೆಯಾಗುತ್ತದೆ. ಗೋಧಿ, ಸೋಯಾ, ಹಲವು ದ್ವಿದಳ ಧಾನ್ಯಗಳಿಗೆ ತೊಂದರೆ ಜಾಸ್ತಿ. ಭತ್ತ ಅವಕ್ಕಿಂತ ಸ್ವಲ್ಪ ಗಟ್ಟಿ, ಆದರೂ ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ. ಬೆಳೆಯ ಲೆಕ್ಕಕ್ಕೆ ಹಗಲಿನಲ್ಲಿ 40 ಪಿಪಿಬಿಗಿಂತ ಮೇಲೆ ಎಷ್ಟು ಹೊತ್ತು, ಎಷ್ಟು ಇತ್ತು ಅಂತ ಕೂಡುವ ಪದ್ಧತಿ ಇದೆ.

ನನಗೆ ಬೇಜಾರಾಗುವ ಸಂಗತಿ ಇದೇ. ಕೀಟ ಬಂದರೆ ರೈತನಿಗೆ ಕಾಣುತ್ತದೆ, ಔಷಧಿ ಹೊಡೆಯುತ್ತಾನೆ. ಓಝೋನ್ ತಿಂದದ್ದು ಕಾಣುವುದೇ ಇಲ್ಲ. ಈ ವರ್ಷ ಯಾಕೋ ಇಳುವರಿ ಬರಲಿಲ್ಲ ಅಂತ ಸುಮ್ಮನಾಗುತ್ತಾನೆ. ಹೊಗೆ ಬಿಟ್ಟದ್ದು ದೂರದ ಪಟ್ಟಣ, ನಷ್ಟ ಗದ್ದೆಯವನದು.

ಗದ್ದೆಯಿಂದಾನೇ ಓಝೋನ್ ಹುಟ್ಟುತ್ತೆ ಅಂತ ಒಬ್ರು ಹೇಳಿದ್ರು. ರೈತರ ಮೇಲೆ ಹಾಕ್ತೀರಾ?

ಯಾರ ಮೇಲೂ ಹಾಕುವುದಿಲ್ಲ, ಲೆಕ್ಕ ಹೇಳುತ್ತೇನೆ. ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನೊಳಗೆ ಗಾಳಿ ಆಡುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ದನಗಳಿಂದ, ಕಸದ ಗುಡ್ಡೆಯಿಂದ, ಕಲ್ಲಿದ್ದಲು ಗಣಿಯಿಂದ, ಅನಿಲ ಪೈಪುಗಳಿಂದಲೂ ಅದು ಬರುತ್ತದೆ. ಕೈಗಾರಿಕೆ ಶುರುವಾಗುವ ಮುಂಚೆ ಗಾಳಿಯಲ್ಲಿ ಸುಮಾರು 700 ಪಿಪಿಬಿ ಇದ್ದ ಮೀಥೇನ್ ಈಗ 1,900 ದಾಟಿದೆ. ಅದು ಸುಮಾರು ಒಂಬತ್ತು ವರ್ಷ ಗಾಳಿಯಲ್ಲಿರುತ್ತದೆ. ಹಾಗಾಗಿ ಮಂಡ್ಯದ ವಿ.ಸಿ. ನಾಲೆಯ ಬಯಲಿನಲ್ಲಿ ಹುಟ್ಟಿದ್ದು ಇಡೀ ಭೂಮಿ ಸುತ್ತುತ್ತದೆ. ನಿಧಾನವಾಗಿ ಉರಿಯುತ್ತಾ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಓಝೋನ್ ಹೆಚ್ಚಿಸುತ್ತದೆ. ಮಂಡ್ಯದ ಮಧ್ಯಾಹ್ನದ ಓಝೋನ್ ಮಂಡ್ಯದ ಗದ್ದೆಯಿಂದ ಬಂದದ್ದಲ್ಲ.

ಗದ್ದೆಗೆ ಸದಾ ನೀರು ಕಟ್ಟುವ ಬದಲು ಮಧ್ಯೆ ಮಧ್ಯೆ ಆರಲು ಬಿಟ್ಟರೆ ಮೀಥೇನ್ ಚೆನ್ನಾಗಿ ಇಳಿಯುತ್ತದೆ, ನೀರೂ ಉಳಿಯುತ್ತದೆ. ಕನ್ನಂಬಾಡಿ ಕಟ್ಟೆ ತುಂಬದ ವರ್ಷಗಳಲ್ಲಿ ಇದು ರೈತರಿಗೇ ಬೇಕಾದ ದಾರಿ.

ಮರ ನೆಟ್ರೆ ಎಲ್ಲ ಸರಿಹೋಗುತ್ತೆ ಅಲ್ವಾ?

ಮರ ನೆಡಿ, ಆದರೆ ಯಾವ ಮರ ಅಂತ ಕೇಳಿ ನೆಡಿ. ಹಲವು ಮರಗಳು ಬಿಸಿಲಿಗೆ ಐಸೋಪ್ರೀನ್ ಎಂಬ ಆವಿ ಬಿಡುತ್ತವೆ. ನೀಲಗಿರಿ ಮರ ಅದರಲ್ಲಿ ಮುಂದು. ಜಗತ್ತಿನ ಗಿಡಮರಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಬಿಡುತ್ತವೆ. ಕಾಡಿನ ನಡುವೆ ಅದರಿಂದ ತೊಂದರೆ ಇಲ್ಲ. ಗಾಡಿ ಹೊಗೆ ಇರುವ ಕಡೆ ಅದು ಓಝೋನಿನ ಕೊಪ್ಪರಿಗೆಗೆ ಇನ್ನಷ್ಟು ಕಬ್ಬಿನ ಹಾಲು ಹೊಯ್ದಂತೆ. ತಪ್ಪು ಮರದ್ದಲ್ಲ, ಹೊಗೆಯದು.

ಓಝೋನ್ ಬಿಡೋ ಏರ್ ಪ್ಯೂರಿಫೈಯರ್ ತಗೋಬಹುದಾ?

ಬೇಡ. ಜನ ಇರುವ ಕೋಣೆಯಲ್ಲಿ ಬೇಡವೇ ಬೇಡ. ನಿಂಬೆ ವಾಸನೆಯ ನೆಲ ಒರೆಸುವ ದ್ರವದ ಜೊತೆ ಓಝೋನ್ ಸೇರಿದರೆ ಫಾರ್ಮಾಲ್ಡಿಹೈಡ್ ಕೂಡ ಹುಟ್ಟುತ್ತದೆ.

## ಕೆಲಸದ ಹಾದಿ

ಮಂಡ್ಯದ ಹಳ್ಳಿಯಿಂದ ಇಂಥ ಕೆಲಸಕ್ಕೆ ಹೇಗೆ ಬಂದ್ರಿ?

ಪಾಂಡವಪುರ ತಾಲ್ಲೂಕಿನ ಹಳ್ಳಿ ನನ್ನದು. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತಿದ್ದರು. ಮಾರನೇ ದಿನ ಮಧ್ಯಾಹ್ನ, ಹೊಗೆ ಎಲ್ಲ ಹೋದ ಮೇಲೆ, ಅಜ್ಜಿಗೆ ಕೆಮ್ಮು ಜಾಸ್ತಿಯಾಗುತ್ತಿತ್ತು. ಹೊಗೆ ಹೋಯ್ತಲ್ಲಜ್ಜಿ ಅಂದರೆ, "ಹೊಗೆ ಹೋದ್ರೂ ಗಾಳಿ ಹುಳಿಯಾಗದೆ ಕಣವ್ವ" ಅನ್ನುತ್ತಿದ್ದಳು. ಅವಳ ಕೆಮ್ಮಿಗೆ ಓಝೋನೇ ಕಾರಣ ಎಂದು ನಾನು ಹೇಳಲಾರೆ. ಆದರೆ ಹೊಗೆ ಹೋದ ಮೇಲೂ ಗಾಳಿಯಲ್ಲಿ ಏನೋ ನಡೆಯುತ್ತದೆ ಅನ್ನುವುದು ಅಂದೇ ತಲೆಗೆ ಹೋಯಿತು.

ಮೈಸೂರಿನಲ್ಲಿ ಬಿಎಸ್ಸಿ, ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ. ಪಿಎಚ್‌ಡಿಗೆ ಹೊರಗೆ ಹೋದೆ. ಪ್ರತಿಕ್ರಿಯೆಗಳ ವೇಗ ಅಳೆಯುವ ಪ್ರಯೋಗಕ್ಕೆಂದು ಹೋದವಳು, ಆ ವೇಗಗಳನ್ನೆಲ್ಲ ಒಟ್ಟಿಗೆ ಸೇರಿಸಿದರೆ ಏನಾಗುತ್ತದೆ ಅಂತ ನೋಡಲು ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತೆ. ಕಂಪ್ಯೂಟರ್ ಬಿಟ್ಟು ವಾಪಸ್ ಹೋಗಲೇ ಇಲ್ಲ.

ಈ ವಿದ್ಯೆ ಶುರು ಮಾಡಿದವರು ಯಾರು? ನಮ್ಮವರು ಯಾರಾದ್ರೂ ಇದಾರಾ?

ಲಾಸ್ ಏಂಜಲೀಸಿನಲ್ಲಿ ಕಣ್ಣುರಿಸುವ ಮಬ್ಬು ಕವಿಯುತ್ತಿದ್ದಾಗ, 1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ಅದರ ಗುಟ್ಟು ಬಿಡಿಸಿದರು. ಹೊಗೆ ಬಿಸಿಲಿನಲ್ಲಿ ಬೆಂದು ಓಝೋನ್ ಆಗುತ್ತಿತ್ತು. ಅದಕ್ಕೂ ಮೊದಲು ಅವರು ಅನಾನಸ್ ಹಣ್ಣಿನ ವಾಸನೆಯನ್ನು ಅಧ್ಯಯನ ಮಾಡುತ್ತಿದ್ದವರು. ಆದರೂ ಬಹಳ ಕಾಲ ಎಲ್ಲರ ನಂಬಿಕೆ ಬೇರೆ ಇತ್ತು. ಇದು ನಗರಗಳ ರೋಗ, ಉಳಿದ ಕಡೆಯ ಓಝೋನ್ ಮೇಲಿನ ಪದರದಿಂದ ಇಳಿದದ್ದು ಅಂತ. 1971ರಲ್ಲಿ ಹೈರಮ್ ಲೆವಿ, ಶುದ್ಧ ಗಾಳಿಯಲ್ಲೂ ಓಎಚ್ ಎಂಬ, ಒಂದು ಆಕ್ಸಿಜನ್ ಒಂದು ಹೈಡ್ರೋಜನ್ ಪರಮಾಣುವಿನ ಚುರುಕು ಕಣ ಹಗಲೆಲ್ಲ ಹುಟ್ಟುತ್ತದೆ ಎಂದು ತೋರಿಸಿದರು. 1973ರಲ್ಲಿ ಪೌಲ್ ಕ್ರುಟ್ಸನ್, ಬೇರೆಯಾಗಿ ಚಾಮೈಡಿಸ್ ಮತ್ತು ವಾಕರ್, ಕೆಳಪದರದ ಓಝೋನ್ ಬಹಳಷ್ಟು ಇಲ್ಲೇ ಹುಟ್ಟುತ್ತದೆ ಎಂದರು. ದೊಡ್ಡ ಜಗಳವೇ ನಡೆಯಿತು. ಮೇಲಿನ ಪದರದ ಓಝೋನ್ ಕೆಲಸಕ್ಕೆ ಕ್ರುಟ್ಸನ್ 1995ರಲ್ಲಿ ನೊಬೆಲ್ ಹಂಚಿಕೊಂಡರು.

ನಮ್ಮವರು ಇದ್ದಾರೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಕೆಲಸ ಕಲಿತ ಅಣ್ಣಾ ಮಣಿ, ಹವಾಮಾನ ಇಲಾಖೆಯಲ್ಲಿ ಬಲೂನಿಗೆ ಕಟ್ಟಿ ಓಝೋನ್ ಅಳೆಯುವ ಉಪಕರಣವನ್ನು ನಮ್ಮ ದೇಶದಲ್ಲೇ ರೂಪಿಸಿದರು. 1999ರಲ್ಲಿ ವಿ. ರಾಮನಾಥನ್ ಮತ್ತು ಕ್ರುಟ್ಸನ್ ಮುಂದಾಳತ್ವದ ಇಂಡೋಎಕ್ಸ್ ಪ್ರಯೋಗ ನಡೆಯಿತು. ಹಿಂದೂ ಮಹಾಸಾಗರದ ಮೇಲೆ ಹಡಗು, ವಿಮಾನಗಳಲ್ಲಿ ಅಳತೆ. ನಮ್ಮ ಸುತ್ತಲ ಗಾಳಿಯ ಬಗ್ಗೆ ಅಷ್ಟು ಅಂಕಿ ಒಟ್ಟಿಗೆ ನೋಡಿದ್ದು ನನಗೆ ಅದೇ ಮೊದಲು. ಹಬ್ಬದ ಹಾಗಿತ್ತು.

ನಿಮ್ಮ ಲೆಕ್ಕ ಯಾವತ್ತಾದ್ರೂ ತಪ್ಪಾಗಿದ್ಯಾ?

ಆಗಿದೆ. ಒಂದನ್ನು ಪೂರ್ತಿ ಹೇಳುತ್ತೇನೆ, ಏಕೆಂದರೆ ಈ ಕೆಲಸ ಏನು ಅನ್ನುವುದು ಅದರಲ್ಲಿದೆ.

ದಕ್ಷಿಣ ಭಾರತದ ಓಝೋನ್ ಲೆಕ್ಕ ಹಾಕುತ್ತಿದ್ದೆ. ನನ್ನ ಮಾಡೆಲಿನಲ್ಲಿ ಮಧ್ಯಾಹ್ನದ ಏರಿಕೆ ಅಳತೆಗಿಂತ ಕಡಿಮೆ ಬರುತ್ತಿತ್ತು. ಎಲೆ, ನೆಲ ಓಝೋನನ್ನು ಹೀರುವ ವೇಗವನ್ನು ನಾನು ಜಾಸ್ತಿ ಇಟ್ಟಿರಬೇಕು ಅಂದುಕೊಂಡೆ. ಅದನ್ನು ತುಸು ಇಳಿಸಿದೆ. ಹೊಂದಿತು. ಇಳಿಸಿದ ಸಂಖ್ಯೆ ಎಲ್ಲರೂ ಒಪ್ಪುವ ಮಿತಿಯೊಳಗೇ ಇತ್ತು. ಲೇಖನ ಬರೆಯಲು ಕೂತೆ.

ಹವಾಮಾನದ ಕಡೆಯಿಂದ ಬಂದ ಒಬ್ಬ ಹುಡುಗ ನನ್ನ ಗ್ರಾಫ್ ನೋಡಿ, "ಮೇಡಂ, ಗಾಡಿಗಳು ಮಧ್ಯಾಹ್ನ ಎರಡೂವರೆಗೆ ಯಾಕೆ ಇಷ್ಟು ಓಡಾಡ್ತವೆ?" ಅಂದ. ಯಾವ ಗಂಟೆಗೆ ಎಷ್ಟು ಹೊಗೆ ಅಂತ ಮಾಡೆಲಿಗೆ ಕೊಡುವ ಕಡತದಲ್ಲಿ ಬೆಳಗಿನ ಒಂಬತ್ತು ಗಂಟೆ ಅಂತ ನಮ್ಮ ಸಮಯ ಬರೆದಿತ್ತು. ಮಾಡೆಲ್ ಅದನ್ನು ಗ್ರೀನ್‌ವಿಚ್ ಸಮಯ ಅಂತ ಓದಿತ್ತು. ಐದೂವರೆ ಗಂಟೆ ವ್ಯತ್ಯಾಸ. ಬೆಳಗಿನ ಗಾಡಿ ಹೊಗೆಯೆಲ್ಲ ಮಧ್ಯಾಹ್ನ ಸುರಿದು, ಆಗ ತಾನೇ ಆದ ಓಝೋನನ್ನು ತಿನ್ನುತ್ತಿತ್ತು. ಸಮಯ ಸರಿಪಡಿಸಿದೆ, ಹೀರುವ ವೇಗವನ್ನು ಹಳೇ ಜಾಗಕ್ಕೆ ಇಟ್ಟೆ. ಏರಿಕೆ ತಾನಾಗಿ ಬಂತು.

ಮೂರು ವಾರದ ಕೆಲಸ ಬಿಸಾಡಿದೆ. ಅದರ ಬಗ್ಗೆ ಬೇಸರ ಇಲ್ಲ. ಲೆಕ್ಕ ಹೊಂದಿತು ಅಂತ ಹುಡುಕುವುದನ್ನೇ ನಿಲ್ಲಿಸಿದ್ದೆನಲ್ಲ, ಅದು ಇವತ್ತೂ ಕಾಡುತ್ತದೆ. ಲೆಕ್ಕ ಹೊಂದುವುದು ಬೇರೆ, ಲೆಕ್ಕ ಸರಿ ಇರುವುದು ಬೇರೆ. ಆಮೇಲೆ ಯಾವ ಮಾಡೆಲ್ ಕೈಗೆ ಬಂದರೂ ನಾನು ಓಝೋನ್ ಒಂದನ್ನೇ ನೋಡಲಿಲ್ಲ. ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್ ಎಲ್ಲವನ್ನೂ ಗಂಟೆ ಗಂಟೆಗೆ ಬಿಡಿಸಿ ನೋಡಿದೆ.

## ಇನ್ನೂ ಆಳಕ್ಕೆ

ಲಾಕ್‌ಡೌನ್‌ನಲ್ಲಿ ಗಾಡಿನೇ ಇರ್ಲಿಲ್ಲ. ಆದ್ರೂ ಕೆಲವು ಊರಲ್ಲಿ ಓಝೋನ್ ಜಾಸ್ತಿ ಆಯ್ತಂತೆ. ಅದ್ಹೇಗೆ?

ನೈಟ್ರೋಜನ್ ಆಕ್ಸೈಡುಗಳಿಗೆ ಎರಡು ಮುಖ. ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಬಿಸಿಲು ಅದನ್ನು ಒಡೆದು ಓಝೋನನ್ನು ವಾಪಸ್ ಕೊಡುತ್ತದೆ. ಇಷ್ಟೇ ಆಗಿದ್ದರೆ ಕೊಟ್ಟದ್ದು ತಗೊಂಡದ್ದು ಸಮ. ಆದರೆ ಇಂಗಾಲದ ಆವಿಗಳು ಓಎಚ್ ಜೊತೆ ಸೇರಿದಾಗ ಹುಟ್ಟುವ ಕಣಗಳು, ಓಝೋನನ್ನು ಖರ್ಚು ಮಾಡದೆಯೇ ನೈಟ್ರಿಕ್ ಆಕ್ಸೈಡನ್ನು ಡೈಆಕ್ಸೈಡ್ ಮಾಡುತ್ತವೆ. ಆಗ ಓಝೋನ್ ಲಾಭ.

ಹೊಗೆ ವಿಪರೀತ ಇರುವ ನಗರದಲ್ಲಿ ಡೈಆಕ್ಸೈಡೇ ಓಎಚ್ ಅನ್ನು ಹಿಡಿದು ನೈಟ್ರಿಕ್ ಆಮ್ಲ ಮಾಡಿಬಿಡುತ್ತದೆ. ಆವಿಗಳಿಗೆ ಓಎಚ್ ಸಿಗುವುದಿಲ್ಲ. ಅಂಥ ಕಡೆ ನೈಟ್ರೋಜನ್ ಆಕ್ಸೈಡ್ ಮಾತ್ರ ಇಳಿಸಿದರೆ ಓಝೋನ್ ಏರುತ್ತದೆ. 2020ರಲ್ಲಿ ಹಲವು ನಗರಗಳಲ್ಲಿ ಕಂಡದ್ದು ಇದೇ. ಹಳ್ಳಿಗಾಡಿನಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಆಕ್ಸೈಡ್ ಇಳಿಸಿದಷ್ಟೂ ಓಝೋನ್ ಇಳಿಯುತ್ತದೆ. ಒಂದೇ ಆದೇಶ ಎರಡೂ ಕಡೆ ಒಂದೇ ಫಲ ಕೊಡುವುದಿಲ್ಲ. ಗಾಡಿ ಹೊಗೆ ಇಳಿಸಬಾರದು ಅನ್ನುವುದಕ್ಕೆ ಇದನ್ನು ಬಳಸುವವರನ್ನು ನೋಡಿದ್ದೇನೆ, ಅದು ತಪ್ಪು. ಆಕ್ಸೈಡು, ಇಂಗಾಲದ ಆವಿ ಎರಡನ್ನೂ ಒಟ್ಟಿಗೆ, ಸಾಕಷ್ಟು ಇಳಿಸಬೇಕು ಅನ್ನುವುದೇ ಇದರ ಅರ್ಥ.

ಡಬ್ಬ ದೊಡ್ಡದಾದ್ರೆ, ಚಿಕ್ಕದಾದ್ರೆ ಏನು ವ್ಯತ್ಯಾಸ?

ಬಹಳ. ನಾನು ಶುರು ಮಾಡಿದಾಗ ಒಂದೊಂದು ಡಬ್ಬ ನೂರಾರು ಕಿಲೋಮೀಟರ್. ಬೆಂಗಳೂರಿನ ಹೊಗೆ, ಮಂಡ್ಯದ ಗದ್ದೆ, ನಾಗರಹೊಳೆಯ ಕಾಡು ಎಲ್ಲ ಒಂದೇ ಡಬ್ಬದಲ್ಲಿ. ನಗರದ ಆಕ್ಸೈಡ್ ಬಿಟ್ಟ ಕ್ಷಣವೇ ಕಾಡಿನ ಐಸೋಪ್ರೀನ್ ಜೊತೆ ಬೆರೆತಂತೆ ಮಾಡೆಲ್ ಭಾವಿಸುತ್ತದೆ. ಹೊಗೆ ತೆಳುವಾಗಿ ಹರಡಿದಷ್ಟೂ ಪ್ರತಿ ಆಕ್ಸೈಡ್ ಅಣುವಿಗೆ ಹುಟ್ಟುವ ಓಝೋನ್ ಜಾಸ್ತಿ. ಹಾಗಾಗಿ ಲೆಕ್ಕ ಮೇಲಕ್ಕೆ ವಾಲುತ್ತದೆ. ಈಗ ಕೆಲವು ಕಿಲೋಮೀಟರಿನ ಡಬ್ಬ ಸಾಧ್ಯ. ಆದರೆ ಅಷ್ಟು ಸಣ್ಣ ಡಬ್ಬಕ್ಕೆ ಯಾವ ರಸ್ತೆಯಲ್ಲಿ ಎಷ್ಟು ಹೊಗೆ ಅನ್ನುವುದೂ ಗೊತ್ತಿರಬೇಕು, ಅಲ್ವಾ?

ಇಷ್ಟು ವೇಗದ ಕಂಪ್ಯೂಟರ್ ಇದ್ರೂ ಈ ಲೆಕ್ಕಕ್ಕೆ ಯಾಕೆ ಅಷ್ಟು ಹೊತ್ತು?

ಒಲೆ ಮೇಲೆ ಹಾಲು, ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ. ಹಾಲನ್ನು ಕ್ಷಣ ಕ್ಷಣ ನೋಡಬೇಕು. ಉಪ್ಪಿನಕಾಯಿಗೆ ತಿಂಗಳು ಬೇಕು. ಓಎಚ್ ಬದುಕುವುದು ಸುಮಾರು ಒಂದು ಸೆಕೆಂಡ್. ಮೀಥೇನ್ ಬದುಕುವುದು ಸುಮಾರು 28 ಕೋಟಿ ಸೆಕೆಂಡ್. ಎರಡೂ ಒಂದೇ ಸಮೀಕರಣ ಗುಂಪಿನಲ್ಲಿವೆ. ಸಾದಾ ವಿಧಾನದಲ್ಲಿ ಹೋದರೆ ಹಾಲಿನ ಸಲುವಾಗಿ ಜಾಡಿಯನ್ನೂ ಸೆಕೆಂಡಿಗಿಂತ ಕಮ್ಮಿ ಹೆಜ್ಜೆಯಲ್ಲಿ ನೋಡುತ್ತಾ ಕೂರಬೇಕು. ಇಲ್ಲದಿದ್ದರೆ ಸಂಖ್ಯೆಗಳು ಹುಚ್ಚಾಪಟ್ಟೆ ಕುಣಿಯುತ್ತವೆ. ಇಂಥವಕ್ಕೆ ಸ್ಟಿಫ್ ಸಮೀಕರಣ ಅಂತ ಹೆಸರು. 1971ರಲ್ಲಿ ಗಿಯರ್ ಎಂಬ ಗಣಿತಜ್ಞರು ಪ್ರಚಾರಕ್ಕೆ ತಂದ ವಿಧಾನ ನಮ್ಮಂಥವರನ್ನು ಕಾಪಾಡಿತು. ಓಎಚ್ ಎಷ್ಟು ಕಡಿಮೆ ಗೊತ್ತಾ? ಹಗಲಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು 10 ಲಕ್ಷ. ಅಷ್ಟೇ ಜಾಗದಲ್ಲಿ ಗಾಳಿಯ ಅಣುಗಳು 25ರ ಮುಂದೆ 18 ಸೊನ್ನೆ. ಆ ಚೂರು ಇಡೀ ಕೆಳಪದರವನ್ನು ತೊಳೆಯುತ್ತದೆ.

ಮಗಳು ಎಂಎಸ್ಸಿ ಓದ್ತಿದ್ದಾಳೆ. ಈ ದಾರಿಗೆ ಬರಬೇಕು ಅಂತಾಳೆ. ಎಲ್ಲಿಂದ ಶುರು ಮಾಡಲಿ?

ಬರಲಿ. ದೊಡ್ಡ ಮಾಡೆಲಿನಿಂದ ಬೇಡ. ಜಿಯೋಸ್-ಕೆಮ್, ವರ್ಫ್-ಕೆಮ್ ಎಲ್ಲ ಉಚಿತವಾಗಿ ಸಿಗುತ್ತವೆ, ಆಮೇಲೆ ನೋಡಿಕೊಳ್ಳಲಿ. ಮೊದಲು ಒಂದೇ ಡಬ್ಬ. ಮನೆಯ ಲ್ಯಾಪ್‌ಟಾಪ್, ಪೈಥಾನ್ ಸಾಕು. ಮೂರು ಪ್ರತಿಕ್ರಿಯೆ ಹಾಕಲಿ. ಬಿಸಿಲಿಗೆ ನೈಟ್ರೋಜನ್ ಡೈಆಕ್ಸೈಡ್ ಒಡೆಯುವುದು, ಬಿಡುಗಡೆಯಾದ ಆಕ್ಸಿಜನ್ ಪರಮಾಣು ಆಕ್ಸಿಜನ್ ಅಣುವನ್ನು ಸೇರಿ ಓಝೋನ್ ಆಗುವುದು, ಓಝೋನನ್ನು ನೈಟ್ರಿಕ್ ಆಕ್ಸೈಡ್ ತಿನ್ನುವುದು. ಮಧ್ಯಾಹ್ನದ ಬಿಸಿಲಲ್ಲಿ ನೈಟ್ರೋಜನ್ ಡೈಆಕ್ಸೈಡ್ ಒಂದೆರಡು ನಿಮಿಷ ಮಾತ್ರ ಬದುಕುತ್ತದೆ, ಅದು ಲೆಕ್ಕದಲ್ಲಿ ಬರುತ್ತದಾ ನೋಡಲಿ. ಓಝೋನ್ ಒಂದು ಮಟ್ಟಕ್ಕೆ ಬಂದು ನಿಲ್ಲಬೇಕು. ಆಮೇಲೆ ಕಾರ್ಬನ್ ಮೊನಾಕ್ಸೈಡ್ ಮತ್ತು ಓಎಚ್ ಸೇರಿಸಲಿ. ನಿಂತಿದ್ದ ಓಝೋನ್ ಏರಲು ಶುರುವಾಗುತ್ತದೆ. ನನಗೆ ಅದನ್ನು ಮೊದಲ ಸಲ ಕಂಡ ಸಂಜೆ ಇನ್ನೂ ನೆನಪಿದೆ.

ಬಂದ ಗ್ರಾಫನ್ನು ನನಗೆ ಕಳಿಸಲಿ, ನೋಡಿ ಉತ್ತರ ಬರೆಯುತ್ತೇನೆ. ಕೆಳಗಿನ ಗೆರೆಯಲ್ಲಿ ಯಾವ ಗಡಿಯಾರದ ಸಮಯ ಅಂತ ಮಾತ್ರ ಮರೆಯದೆ ಬರೆದಿರಲಿ.